ನೋಡಿದ ಕೂಡಲೇ ಗೊತ್ತಾಗುತ್ತದಲ್ಲ, ಮತ್ತೆ ರೇಸ್ ಇಲ್ಲ ಅಂದರೆ ಹೇಗೆ?

ಪ್ರಶ್ನೆ: ನಮಸ್ಕಾರ ಮೇಡಂ. ನಾವು ಧಾರವಾಡದ ಕಡೆಯವರು, ಬಹಳ ವರ್ಷಗಳಿಂದ ಪುಣೆಯ ಪಿಂಪ್ರಿಯಲ್ಲಿದ್ದೇವೆ. ಮಗಳು ಬಿಎಸ್‌ಸಿ ಓದುತ್ತಿದ್ದಾಳೆ. ‘ಮನುಷ್ಯರಲ್ಲಿ ರೇಸ್ (ಹುಟ್ಟಿನಿಂದಲೇ ಬೇರೆ ಬೇರೆಯಾದ ಜನಾಂಗ) ಅನ್ನುವುದೇ ಇಲ್ಲ, ಅದು ವಿಜ್ಞಾನ ಅಲ್ಲ’ ಅಂತ ವಾದ ಮಾಡುತ್ತಾಳೆ. ನನಗೆ ಒಪ್ಪಿಗೆ ಆಗುತ್ತಿಲ್ಲ. ಪುಣೆಯಲ್ಲಿ ಆಫ್ರಿಕಾದಿಂದ ಬಂದ ವಿದ್ಯಾರ್ಥಿಗಳಿದ್ದಾರೆ, ಮಣಿಪುರ, ನಾಗಾಲ್ಯಾಂಡಿನವರಿದ್ದಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ. ಅಮೆರಿಕದಲ್ಲಿರುವ ನನ್ನ ತಮ್ಮ ಡಿಎನ್‌ಎ ಟೆಸ್ಟ್ ಮಾಡಿಸಿದ, ಯಾವ ಪ್ರದೇಶದ ಪಾಲು ಎಷ್ಟು ಪರ್ಸೆಂಟ್ ಅಂತ ಪಟ್ಟಿಯೇ ಬಂತು. ನಮ್ಮ ಡಾಕ್ಟರು ‘ಬಿಳಿಯರಿಗೆ ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 25ರವರೆಗೆ ಪರವಾಗಿಲ್ಲ, ನಮಗೆ 23 ದಾಟಿದರೆ ಜಾಸ್ತಿ’ ಅಂದರು. ಇಷ್ಟೆಲ್ಲ ಇದ್ದ ಮೇಲೂ ರೇಸ್ ಇಲ್ಲ ಅನ್ನುವುದು ಸುಮ್ನೆ ಯಾರಿಗೂ ಬೇಜಾರಾಗದಿರಲಿ ಅಂತ ಹೇಳುವ ಮಾತಲ್ವಾ? ಆರ್ಯ, ದ್ರಾವಿಡ ಅನ್ನುವುದೂ ಸುಳ್ಳೇ?

ಉತ್ತರ: ನೀವು ಗಮನಿಸಿದ ಮೂರೂ ಸಂಗತಿ ಸರಿಯೇ. ಮುಖ ನೋಡಿ ಸೀಮೆ ಊಹಿಸಬಹುದು. ಡಿಎನ್‌ಎ ನೋಡಿ ಇನ್ನೂ ಚೆನ್ನಾಗಿ ಊಹಿಸಬಹುದು. ಡಾಕ್ಟರು ಹೇಳಿದ 23ರ ಲೆಕ್ಕವೂ ನಿಜ. ಆದರೂ ಮಗಳು ಹೇಳುವುದೇ ಸರಿ ಅನ್ನುತ್ತೇನೆ. ಮನುಷ್ಯರ ದೇಹಗಳಲ್ಲಿ ವ್ಯತ್ಯಾಸ ಇದೆಯೇ ಅನ್ನುವುದು ಒಂದು ಪ್ರಶ್ನೆ. ಆ ವ್ಯತ್ಯಾಸಗಳೆಲ್ಲ ಒಟ್ಟಿಗೆ ಗಂಟು ಕಟ್ಟಿಕೊಂಡು ನಾಲ್ಕೈದು ಗುಂಪುಗಳಾಗಿ ಬರುತ್ತವೆಯೇ ಅನ್ನುವುದು ಇನ್ನೊಂದು. ರೇಸ್ ಇದೆ ಅನ್ನುವವರು ಎರಡನೆಯದನ್ನು ತೋರಿಸಬೇಕು. ಅವರು ಸಾಮಾನ್ಯವಾಗಿ ಮೊದಲನೆಯದನ್ನು ತೋರಿಸಿ ಮಾತು ಮುಗಿಸುತ್ತಾರೆ.

ಮೊದಲು ಕಣ್ಣಿಗೆ ಕಾಣುವುದನ್ನೇ ತೆಗೆದುಕೊಳ್ಳೋಣ. 1972ರಲ್ಲಿ ಅಮೆರಿಕದ ರಿಚರ್ಡ್ ಲೆವಾಂಟಿನ್ ಅನ್ನುವ ತಳಿವಿಜ್ಞಾನಿ ರಕ್ತದ ಗುಂಪು, ರಕ್ತದ ಪ್ರೋಟೀನ್ ಮೊದಲಾದ 17 ಗುಣಗಳನ್ನು ಹಿಡಿದು ಒಂದು ಲೆಕ್ಕ ಹಾಕಿದರು. ಮನುಷ್ಯಕುಲದ ಒಟ್ಟು ವ್ಯತ್ಯಾಸದಲ್ಲಿ ಸುಮಾರು ಶೇ. 85 ಒಂದೇ ಸಮುದಾಯದ ಒಳಗೇ ಇತ್ತು. ಹಳೆಯ ಪುಸ್ತಕಗಳು ಹೇಳುವ ರೇಸ್‌ಗಳ ನಡುವೆ ಸಿಕ್ಕಿದ್ದು ಶೇ. 6ರಷ್ಟು ಮಾತ್ರ. ಆಮೇಲೆ ಡಿಎನ್‌ಎಯ ಲಕ್ಷಾಂತರ ಜಾಗಗಳನ್ನು ನೋಡಿ ಲೆಕ್ಕ ಹಾಕಿದಾಗಲೂ ಚಿತ್ರ ಹೆಚ್ಚು ಬದಲಾಗಲಿಲ್ಲ. ಆದರೆ ಚರ್ಮದ ಬಣ್ಣ ಒಂದನ್ನೇ ಬಿಡಿಸಿ ನೋಡಿದರೆ ಲೆಕ್ಕ ತಲೆಕೆಳಗಾಗುತ್ತದೆ. 2002ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ, ಬಣ್ಣದ ವ್ಯತ್ಯಾಸದಲ್ಲಿ ಶೇ. 88 ಇರುವುದು ಪ್ರದೇಶ ಪ್ರದೇಶಗಳ ನಡುವೆ. ಅಂದರೆ ನಮ್ಮ ಕಣ್ಣಿಗೆ ಮೊದಲು ಬೀಳುವ ಗುಣವೇ ದೇಹದ ಉಳಿದ ಗುಣಗಳಂತೆ ನಡೆಯದ ಗುಣ. ಅದನ್ನು ನೋಡಿ ‘ಒಳಗೂ ಹೀಗೇ ಇರಬೇಕು’ ಅಂದುಕೊಳ್ಳುವುದು ಸಹಜ. ಆದರೆ ತಪ್ಪು.

ಬಣ್ಣ ಹೀಗೇಕೆ ಅನ್ನುವುದಕ್ಕೆ ಕಾರಣ ಬಿಸಿಲು. ನೇರಳಾತೀತ ಕಿರಣ ಜಾಸ್ತಿ ಬೀಳುವ ಕಡೆ ಕಪ್ಪು ಚರ್ಮ ದೇಹದ ಫೋಲೇಟನ್ನು (ಒಂದು ಬಗೆಯ ಬಿ ವಿಟಮಿನ್) ಕಾಪಾಡುತ್ತದೆ. ಬಸುರಿಯ ಹೊಟ್ಟೆಯಲ್ಲಿ ಮಗು ಸರಿಯಾಗಿ ಬೆಳೆಯಲು ಫೋಲೇಟ್ ಬೇಕೇ ಬೇಕು. ಬಿಸಿಲು ಕಡಿಮೆ ಇರುವ ಉತ್ತರದಲ್ಲಿ ತೆಳು ಬಣ್ಣದ ಚರ್ಮಕ್ಕೆ ವಿಟಮಿನ್ ಡಿ ಮಾಡಿಕೊಳ್ಳುವುದು ಸುಲಭ. ನೀನಾ ಜಬ್ಲಾನ್‌ಸ್ಕಿ ಮತ್ತು ಜಾರ್ಜ್ ಚಾಪ್ಲಿನ್ 2000ದಲ್ಲಿ ಈ ಎರಡನ್ನೂ ಬಿಸಿಲಿನ ನಕ್ಷೆಯ ಜೊತೆ ಹೊಂದಿಸಿ ತೋರಿಸಿದರು. ಬಿಸಿಲು ಒಂದೇ ಥರ ಇದ್ದ ಕಡೆ ಸಾಮಾನ್ಯವಾಗಿ ಬಣ್ಣವೂ ಹತ್ತಿರ ಹತ್ತಿರ ಬರುತ್ತದೆ, ರಕ್ತಸಂಬಂಧ ಇರಲಿ ಬಿಡಲಿ. ಪಪುವಾ ನ್ಯೂಗಿನಿಯ ಜನ ನೋಡಲು ಆಫ್ರಿಕಾದವರ ಹಾಗೆ ಕಾಣುತ್ತಾರೆ. ಡಿಎನ್‌ಎ ನೋಡಿದರೆ ಆಫ್ರಿಕಾದವರಿಗೆ ಅವರಿಗಿಂತ ಯುರೋಪಿನವರೇ ಹತ್ತಿರ.

ನಮ್ಮ ಮನೆಗಳಲ್ಲೇ ನೋಡಿ. ಒಂದೇ ತಾಯಿಯ ಮಕ್ಕಳಲ್ಲಿ ಒಬ್ಬಳು ಬೆಳ್ಳಗೆ, ಇನ್ನೊಬ್ಬ ಎಣ್ಣೆಗೆಂಪು. ಸಂಬಂಧ ನೋಡಲು ಬಂದವರು ಇದನ್ನೇ ದೊಡ್ಡದು ಮಾಡುತ್ತಾರೆ. ಇದರ ಹಿಂದಿರುವ ಮುಖ್ಯ ಜೀನ್‌ಗಳಲ್ಲಿ ಒಂದು ಎಸ್‌ಎಲ್‌ಸಿ24ಎ5. ಇದರ ಕೆಲಸ 2005ರಲ್ಲಿ ಗೊತ್ತಾಗಿದ್ದು ಜೀಬ್ರಾ ಮೀನಿನಿಂದ. ಆ ಮೀನಿನ ಒಂದು ತಳಿಯಲ್ಲಿ ಪಟ್ಟೆಗಳು ಮಾಸಲಾಗಿದ್ದವು. ಯಾಕೆ ಅಂತ ಹುಡುಕುತ್ತಾ ಹೋದವರಿಗೆ ಈ ಜೀನ್ ಸಿಕ್ಕಿತು. ಬಣ್ಣ ತೆಳುವಾಗಿಸುವ ಇದರ ರೂಪ ಯುರೋಪಿನಲ್ಲಿ ಹೆಚ್ಚುಕಮ್ಮಿ ಎಲ್ಲರಲ್ಲೂ ಇದೆ. ಭಾರತದಲ್ಲಿ ಉತ್ತರ, ದಕ್ಷಿಣ ಎರಡೂ ಕಡೆ ಇದೆ, ಎಲ್ಲರಲ್ಲೂ ಇಲ್ಲ. ನಿಮ್ಮ ಮನೆಯಲ್ಲಿ ಅಕ್ಕನಿಗೆ ಬಂದು ತಮ್ಮನಿಗೆ ಬರದೆ ಇರಬಹುದು. ಅಕ್ಕ ಒಂದು ರೇಸ್, ತಮ್ಮ ಇನ್ನೊಂದು ಅನ್ನಲಾಗುತ್ತದೆಯೇ?

ಈಶಾನ್ಯದ ಮಕ್ಕಳ ಕೂದಲಿನದೂ ಇಂಥದೇ ಕತೆ. ಇಡಿಎಆರ್ ಅನ್ನುವ ಜೀನಿನಲ್ಲಿ ಡಿಎನ್‌ಎಯ ಒಂದೇ ಒಂದು ಅಕ್ಷರ ಬದಲಾದರೆ ಕೂದಲು ದಪ್ಪ ಮತ್ತು ನೇರ ಆಗುತ್ತದೆ, ಮುಂದಿನ ಹಲ್ಲಿನ ಆಕಾರವೂ ಸ್ವಲ್ಪ ಬೇರೆಯಾಗುತ್ತದೆ. ಇದು ಪೂರ್ವ ಏಷ್ಯಾದಲ್ಲಿ, ಅಮೆರಿಕದ ಮೂಲನಿವಾಸಿಗಳಲ್ಲಿ ಮತ್ತು ನಮ್ಮ ಈಶಾನ್ಯದಲ್ಲಿ ಸಾಮಾನ್ಯ. ಇಂಥ ಒಂದೆರಡು ಗುಣ ನೋಡಿ ಮಣಿಪುರದ ಹುಡುಗಿಯನ್ನು ‘ಯಾವ ದೇಶ?’ ಅಂತ ಕೇಳುವವರು ಪುಣೆಯಲ್ಲೂ ಇದ್ದಾರೆ, ಬೆಂಗಳೂರಿನಲ್ಲೂ ಇದ್ದಾರೆ.

ಈಗ ‘ಗಂಟು’ ಪ್ರಶ್ನೆಗೆ ಬರೋಣ. ಮತ್ಸ್ಯಗಂಧ ರೈಲಿನಲ್ಲಿ ಮುಂಬಯಿಯಿಂದ ಮಂಗಳೂರಿಗೆ ಹೋಗುವ ದಾರಿಯಲ್ಲಿ ಊರೂರಿನ ಮೀನು ಸಾರು ತಿನ್ನುತ್ತಾ ಹೋದಿರಿ ಅಂದುಕೊಳ್ಳಿ. ಮಾಲವಣದ್ದಕ್ಕೂ ಮಂಗಳೂರಿನದ್ದಕ್ಕೂ ರುಚಿ ಬೇರೆ, ಕಣ್ಣು ಮುಚ್ಚಿ ತಿಂದರೂ ಗೊತ್ತಾಗುತ್ತದೆ. ಆದರೆ ‘ಇಲ್ಲಿಗೆ ಮಾಲವಣಿ ಸಾರು ಮುಗಿಯಿತು’ ಅಂತ ಬೋರ್ಡ್ ಹಾಕುವ ಸ್ಟೇಷನ್ ಯಾವುದು? ಕೋಕಂ ಹೋಗಿ ಹುಣಸೆ ಬರುವ ಜಾಗ ಒಂದು, ಮೆಣಸಿನಕಾಯಿ ಬದಲಾಗುವ ಜಾಗ ಇನ್ನೊಂದು, ಕಾಯಿ ಅರೆಯುವ ರೀತಿ ಬದಲಾಗುವ ಜಾಗ ಮತ್ತೊಂದು. ಹುಳಿ ನೋಡಿ ಗೆರೆ ಎಳೆದರೆ ಒಂದು ನಕ್ಷೆ ಬರುತ್ತದೆ, ಮೆಣಸು ನೋಡಿ ಎಳೆದರೆ ಬೇರೆಯದೇ ನಕ್ಷೆ ಬರುತ್ತದೆ. ಮನುಷ್ಯರ ದೇಹದ್ದೂ ಹೀಗೇ. ಬಣ್ಣದ ನಕ್ಷೆ ಬಿಸಿಲನ್ನು ಹಿಂಬಾಲಿಸುತ್ತದೆ. ಕೆಂಪು ರಕ್ತಕಣ ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಯ ನಕ್ಷೆ ಮಲೇರಿಯಾವನ್ನು ಹಿಂಬಾಲಿಸುತ್ತದೆ. ದೊಡ್ಡವರಾದ ಮೇಲೂ ಹಾಲು ಅರಗಿಸಿಕೊಳ್ಳುವ ಗುಣದ ನಕ್ಷೆ ದನ ಸಾಕಿದವರ ಹಿಂದೆ ಹೋಗುತ್ತದೆ. ಒಂದರ ಮೇಲೊಂದು ಇಟ್ಟು ನೋಡಿದರೆ ಗೆರೆಗಳು ಕೂಡುವುದೇ ಇಲ್ಲ.

ಸಿಕಲ್ ಸೆಲ್ ಬಗ್ಗೆ ಇನ್ನೆರಡು ಮಾತು ಹೇಳಬೇಕು. ಅಮೆರಿಕದಲ್ಲಿ ಇದನ್ನು ಬಹಳ ಕಾಲ ‘ಕರಿಯರ ಕಾಯಿಲೆ’ ಅಂದರು. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಂದ ಮಾತ್ರ ಈ ಜೀನ್ ಬಂದರೆ ಮಲೇರಿಯಾದಿಂದ ಸ್ವಲ್ಪ ರಕ್ಷಣೆ ಸಿಗುತ್ತದೆ. ಇಬ್ಬರಿಂದಲೂ ಬಂದರೆ ಕಾಯಿಲೆ. ಹೀಗಾಗಿ ಮಲೇರಿಯಾ ಇದ್ದ ಹಲವು ಕಡೆ ಅದು ಉಳಿದುಕೊಂಡಿತು: ಪಶ್ಚಿಮ ಮತ್ತು ಮಧ್ಯ ಆಫ್ರಿಕಾ, ಗ್ರೀಸಿನ ಕೆಲವು ಭಾಗ, ಅರೇಬಿಯಾ, ಮಧ್ಯ ಭಾರತ. ನಮ್ಮ ದೇಶದಲ್ಲಿ ಇದು ಮೊದಲು ಪತ್ತೆಯಾಗಿದ್ದು 1952ರಲ್ಲಿ, ನೀಲಗಿರಿಯ ಬುಡಕಟ್ಟು ಜನರಲ್ಲಿ. ನೀವಿರುವ ಮಹಾರಾಷ್ಟ್ರದಲ್ಲೇ ನಂದುರ್ಬಾರ್, ಗಡ್ಚಿರೋಲಿ ಕಡೆ ಇದು ದೊಡ್ಡ ಆರೋಗ್ಯ ಸಮಸ್ಯೆ. ದಕ್ಷಿಣ ಆಫ್ರಿಕಾದ ಖೋಸಾ ಜನರಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ‘ಕರಿಯರ ಕಾಯಿಲೆ’ ಕರಿಯರೇ ಆದ ಖೋಸಾ ಜನರನ್ನು ಬಿಟ್ಟು ಗ್ರೀಕರನ್ನು ಹಿಡಿದಿದೆ. ಹಾಲಿನದೂ ಅಷ್ಟೇ. ನಮ್ಮಲ್ಲಿ ಹಾಲು ಅರಗಿಸುವ ರೂಪ ಯುರೋಪಿನವರದ್ದೇ. ಪೂರ್ವ ಆಫ್ರಿಕಾದ ದನಗಾಹಿಗಳಲ್ಲಿ ಅದೇ ಕೆಲಸಕ್ಕೆ ಬೇರೆಯೇ ಮ್ಯುಟೇಶನ್ (ಡಿಎನ್‌ಎಯಲ್ಲಿ ಆಗುವ ಬದಲಾವಣೆ) ಹುಟ್ಟಿಕೊಂಡಿದೆ.

ನೀವು ಹೇಳಿದ ‘ಆಫ್ರಿಕಾದವರು’ ಅನ್ನುವ ಗುಂಪು ಇದೆಯಲ್ಲ, ಜೀವಶಾಸ್ತ್ರದ ದೃಷ್ಟಿಯಿಂದ ಅದೇ ಎಲ್ಲಕ್ಕಿಂತ ದುರ್ಬಲ ಗುಂಪು. ಮನುಷ್ಯ ಹುಟ್ಟಿ ಬೆಳೆದದ್ದು ಅಲ್ಲಿ. ಸುಮಾರು 60,000 ವರ್ಷಗಳ ಹಿಂದೆ ಅಲ್ಲಿಂದ ಹೊರಟ ಒಂದು ಸಣ್ಣ ಪಾಲಿನವರೇ ಹೊರಗಿನ ನಾವೆಲ್ಲರ ಮೂಲ. ಹಾಗಾಗಿ ವೈವಿಧ್ಯದ ದೊಡ್ಡ ಭಾಗ ಅಲ್ಲೇ ಉಳಿಯಿತು. 2010ರಲ್ಲಿ ಕಲಹರಿ ಕಡೆಯ ಸಾನ್ ಜನರ ಡಿಎನ್‌ಎ ಪೂರ್ತಿ ಓದಿದಾಗ, ಅವರಲ್ಲೇ ಇಬ್ಬರ ನಡುವಿನ ವ್ಯತ್ಯಾಸ ಒಬ್ಬ ಯುರೋಪಿನವನಿಗೂ ಒಬ್ಬ ಏಷ್ಯಾದವನಿಗೂ ಇರುವುದಕ್ಕಿಂತ ಜಾಸ್ತಿ ಕಂಡಿತು. ಪಿಂಪ್ರಿಯ ಬಸ್ ಸ್ಟಾಪಿನಲ್ಲಿ ನಿಂತ ನೈಜೀರಿಯಾದ ಹುಡುಗನೂ ಇಥಿಯೋಪಿಯಾದ ಹುಡುಗನೂ ನಿಮಗೆ ಒಂದೇ ಥರ ಕಾಣಬಹುದು. ಅವರಿಗೆ ಹಾಗೆ ಕಾಣುವುದಿಲ್ಲ, ಡಿಎನ್‌ಎಯಲ್ಲೂ ಹಾಗಿಲ್ಲ.

ಉತ್ತರ ಕನ್ನಡದ ಸಿದ್ದಿಗಳು ನಿಮಗೆ ಗೊತ್ತೇ ಇರುತ್ತಾರೆ. ಧಾರವಾಡದಿಂದ ಹಳಿಯಾಳ ಎಷ್ಟು ದೂರ! ಯಲ್ಲಾಪುರ, ಅಂಕೋಲಾ, ಮುಂಡಗೋಡದ ಕಾಡಂಚಿನಲ್ಲೂ ಇದ್ದಾರೆ. ಹಲವರ ಪೂರ್ವಜರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವಾಕ್ಕೆ ತಂದಿದ್ದರು. 2011ರಲ್ಲಿ ಕರ್ನಾಟಕ ಮತ್ತು ಗುಜರಾತಿನ ಸಿದ್ದಿಗಳ ಡಿಎನ್‌ಎ ನೋಡಿದಾಗ ದೊಡ್ಡ ಪಾಲು ಆಫ್ರಿಕಾದ ಬಂಟು ಭಾಷಿಕರದು ಅಂತ ತಿಳಿಯಿತು. (ನಮ್ಮ ಮುಂಬಯಿ ಬಂಟರಿಗೂ ಇದಕ್ಕೂ ಸಂಬಂಧ ಇಲ್ಲ. ಈ ಪ್ರಶ್ನೆ ನನಗೆ ಪ್ರತಿ ಭಾಷಣದ ಕೊನೆಯಲ್ಲೂ ಬರುತ್ತದೆ.) ಜೊತೆಗೆ ಗಣನೀಯವಾದ ಭಾರತೀಯ ಪಾಲು, ಸ್ವಲ್ಪ ಯುರೋಪಿನ ಪಾಲು. ಇನ್ನು ಅಹ್ಮದ್‌ನಗರದ ಸುಲ್ತಾನರ ಕಾಲದಲ್ಲಿ ಇಡೀ ದಖ್ಖನನ್ನು ಆಡಿಸಿದ, 1626ರಲ್ಲಿ ತೀರಿಕೊಂಡ ಮಲಿಕ್ ಅಂಬರ್ ಹುಟ್ಟಿದ್ದು ಇಥಿಯೋಪಿಯಾದಲ್ಲಿ. ನಾವು ಇಬ್ಬರನ್ನೂ ‘ಆಫ್ರಿಕಾದವರು’ ಅಂತ ಒಂದೇ ಖಾತೆಗೆ ಹಾಕುತ್ತೇವೆ. ಹಳಿಯಾಳದ ಸಿದ್ದಿ ಹೆಣ್ಣುಮಗಳು ಕನ್ನಡ, ಕೊಂಕಣಿ ಆಡುತ್ತಾಳೆ, ಅವಳ ಅಜ್ಜ ಅಜ್ಜಿಯರ ಸಾಲಿನಲ್ಲಿ ಮೂರು ಖಂಡದವರಿದ್ದಾರೆ. ಅವಳನ್ನು ಯಾವ ರೇಸಿಗೆ ಸೇರಿಸುತ್ತೀರಿ?

ರಕ್ತದ ವಿಷಯಕ್ಕೆ ಬಂದರೆ ಮುಂಬಯಿಯ ಹೆಸರೇ ಎದುರಿಗೆ ನಿಲ್ಲುತ್ತದೆ. 1952ರಲ್ಲಿ ಇಲ್ಲಿ ವೈ.ಎಂ. ಭೇಂಡೆ ಮತ್ತು ಜೊತೆಗಾರರು ಒಂದು ಹೊಸ ಬ್ಲಡ್ ಗ್ರೂಪ್ ಗುರುತಿಸಿದರು. ಅದೇ ‘ಬಾಂಬೆ ಗ್ರೂಪ್’. ಎ, ಬಿ, ಓ ಗುಂಪುಗಳಿಗೆಲ್ಲ ಅಡಿಪಾಯವಾದ ಎಚ್ ಅನ್ನುವ ಸಕ್ಕರೆಯ ಕೊಂಡಿ ಇವರ ರಕ್ತಕಣಗಳ ಮೇಲೆ ಇರುವುದಿಲ್ಲ. ಸಾಮಾನ್ಯ ಟೆಸ್ಟಿನಲ್ಲಿ ಓ ಅಂತ ಕಾಣುತ್ತದೆ, ಆದರೆ ಓ ರಕ್ತ ಕೊಟ್ಟರೆ ಜೀವಕ್ಕೇ ಅಪಾಯ. ಇನ್ನೊಬ್ಬ ಬಾಂಬೆ ಗ್ರೂಪಿನವರ ರಕ್ತವೇ ಆಗಬೇಕು. ಭಾರತದಲ್ಲಿ ಸುಮಾರು 10,000 ಜನರಲ್ಲಿ ಒಬ್ಬರು ಹೀಗಿರುತ್ತಾರೆ, ಯುರೋಪಿನಲ್ಲಿ ಹತ್ತು ಲಕ್ಷಕ್ಕೊಬ್ಬರು. ಅಂಥವರಿಗೆ ಸ್ವಂತ ಅಪ್ಪನ ರಕ್ತ ಆಗದೆ ಹೋಗಬಹುದು, ಎಲ್ಲಿಯದೋ ಭಾಷೆ ಗೊತ್ತಿಲ್ಲದವರ ರಕ್ತ ಹೊಂದಬಹುದು. ಅಮೆರಿಕದ ರೆಡ್ ಕ್ರಾಸ್ 1950ರವರೆಗೆ ಕರಿಯರ ರಕ್ತದ ಬಾಟಲಿಯನ್ನು ಬೇರೆ ಇಡುತ್ತಿತ್ತು. ವೈದ್ಯಕೀಯವಾಗಿ ಅದಕ್ಕೆ ಯಾವ ಕಾರಣವೂ ಇರಲಿಲ್ಲ.

ರಕ್ತದ ಗುಂಪಿನಿಂದ ರೇಸ್ ಹುಡುಕುವ ಪ್ರಯತ್ನ ನಡೆಯದೆ ಇರಲಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಲುಡ್ವಿಕ್ ಮತ್ತು ಹಾಂಕಾ ಹಿರ್ಷ್‌ಫೆಲ್ಡ್ ಅನ್ನುವ ದಂಪತಿ ಗ್ರೀಸಿನ ಸಲೋನಿಕಾದಲ್ಲಿ ಸೇರಿದ್ದ ಹಲವು ದೇಶಗಳ ಸೈನಿಕರ ರಕ್ತ ಪರೀಕ್ಷಿಸಿ 1919ರಲ್ಲಿ ಪ್ರಕಟಿಸಿದರು. ಅವರಲ್ಲಿ ಭಾರತದ ಸಿಪಾಯಿಗಳೂ ಇದ್ದರು, ಬಿ ಗುಂಪು ಅವರಲ್ಲೇ ಎಲ್ಲರಿಗಿಂತ ಜಾಸ್ತಿ ಇತ್ತು. ಆದರೆ ಎ, ಬಿ, ಓ ಎಲ್ಲ ಖಂಡಗಳಲ್ಲೂ ಸಿಗುತ್ತವೆ, ಪ್ರಮಾಣ ಮಾತ್ರ ಬೇರೆ. ಅಷ್ಟೇ ಏಕೆ, ಚಿಂಪಾಂಜಿಗಳಲ್ಲೂ ಎ ಮತ್ತು ಓ ಇವೆ.

ತಮ್ಮನ ಡಿಎನ್‌ಎ ಟೆಸ್ಟ್ ಬಗ್ಗೆ. ಇದು ಹೇಗೆ ನಡೆಯುತ್ತದೆ ಅಂತ ಗೊತ್ತಾದರೆ ಗೊಂದಲ ಇರುವುದಿಲ್ಲ. ಒಂದೊಂದೇ ಜಾಗ ನೋಡಿದರೆ ಏನೂ ಹೇಳಲಾಗುವುದಿಲ್ಲ. ಒಂದು ಅಕ್ಷರ ಒಂದು ಪ್ರದೇಶದಲ್ಲಿ ಶೇ. 30 ಜನರಲ್ಲಿ, ಇನ್ನೊಂದರಲ್ಲಿ ಶೇ. 40 ಜನರಲ್ಲಿ ಇದೆ ಅಂದುಕೊಳ್ಳಿ. ಸುಳಿವು ತೀರಾ ಸಣ್ಣದು. ಇಂಥ ಲಕ್ಷಾಂತರ ಸಣ್ಣ ಸುಳಿವುಗಳನ್ನು ಕೂಡಿಸಿದರೆ ಊಹೆ ಗಟ್ಟಿಯಾಗುತ್ತದೆ. ಹತ್ತಿರದವರು ಹತ್ತಿರದವರನ್ನೇ ಮದುವೆಯಾಗುತ್ತಾ ಬಂದಿದ್ದರಿಂದ ಡಿಎನ್‌ಎಯಲ್ಲಿ ಭೂಗೋಳದ ಗುರುತು ಉಳಿದಿದೆ. ಇದು ರೇಸ್ ಅಲ್ಲ, ವಿಳಾಸ. ಸಾಕಷ್ಟು ಮಾದರಿ ಇದ್ದರೆ ಯುರೋಪಿನ ಒಳಗೇ ದೇಶ ದೇಶವನ್ನು ಗುರುತಿಸಲು ಆಗುತ್ತದೆ. ಹಾಗಂತ ಪ್ರತಿ ದೇಶವನ್ನೂ ಒಂದು ರೇಸ್ ಅನ್ನುತ್ತೇವೆಯೇ?

ರೇಸ್ ಪರವಾಗಿ ವಾದಿಸುವವರು 2002ರ ಒಂದು ಅಧ್ಯಯನವನ್ನು ಎತ್ತಿ ಹಿಡಿಯುತ್ತಾರೆ. 52 ಸಮುದಾಯಗಳ 1,056 ಜನರ ಡಿಎನ್‌ಎಯನ್ನು ಕಂಪ್ಯೂಟರಿಗೆ ಕೊಟ್ಟು ಗುಂಪು ಮಾಡಲು ಹೇಳಿದ್ದರು. ಐದು ಗುಂಪು ಮಾಡು ಅಂದಾಗ ಹೆಚ್ಚುಕಮ್ಮಿ ಖಂಡಗಳಂತೆ ಬಂತು. ‘ನೋಡಿ, ರೇಸ್ ಸಿಕ್ಕಿತು’ ಅಂದರು. ಆರು ಗುಂಪು ಮಾಡು ಅಂದಾಗ ಆರನೆಯದಾಗಿ ಬಂದದ್ದು ಯಾರು ಗೊತ್ತೇ? ಪಾಕಿಸ್ತಾನದ ಚಿತ್ರಾಲ್ ಕಣಿವೆಯಲ್ಲಿರುವ ಕೆಲವೇ ಸಾವಿರ ಕಲಾಶ್ ಜನ. ಯುರೋಪ್, ಅರಬ್ ದೇಶಗಳು, ಪಾಕಿಸ್ತಾನದ ಉಳಿದ ಹೆಚ್ಚಿನವರೂ ಸೇರಿ ಒಂದು ಗುಂಪು, ಕಲಾಶ್ ಕಣಿವೆ ಇನ್ನೊಂದು! ಎಷ್ಟು ಗುಂಪು ಬೇಕು ಅಂತ ಹೇಳುವುದು ಮನುಷ್ಯ, ಪ್ರಕೃತಿ ಅಲ್ಲ. ಇನ್ನೊಂದು ತಮಾಷೆ ಅಂದರೆ ಆ 52 ಸಮುದಾಯಗಳಲ್ಲಿ ಭಾರತದಿಂದ ತಂದ ಒಂದು ಮಾದರಿಯೂ ಇರಲಿಲ್ಲ. ಜಗತ್ತಿನ ಆರರಲ್ಲಿ ಒಂದು ಪಾಲು ಜನರನ್ನು ಬಿಟ್ಟು ಮನುಷ್ಯಕುಲವನ್ನು ಭಾಗ ಮಾಡಿದ ಲೆಕ್ಕ ಅದು. ತಮ್ಮನ ಪರ್ಸೆಂಟ್ ಕೂಡ ಹೀಗೇ, ಕಂಪನಿಯ ಬಳಿ ಯಾವ ಮಾದರಿಗಳಿವೆ ಅನ್ನುವುದರ ಮೇಲೆ ನಿಂತಿದೆ. ಮಾದರಿ ಹೆಚ್ಚಾದ ಹಾಗೆ ಅವರೇ ಅಂಕಿಗಳನ್ನು ತಿದ್ದುತ್ತಾರೆ.

ಬಿಎಂಐ ಪ್ರಶ್ನೆಗೆ ಜಾಸ್ತಿ ಜಾಗ ಕೊಡುತ್ತೇನೆ, ಏಕೆಂದರೆ ಅದಕ್ಕೆ ಉತ್ತರ ಹುಡುಕಿದ್ದು ನಿಮ್ಮ ಊರಿನಲ್ಲೇ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ್ ಯಾಜ್ಞಿಕ್ ಅವರಿಗೆ ಕಾಡಿದ ಪ್ರಶ್ನೆ: ತೆಳ್ಳಗಿರುವ ಭಾರತೀಯರಿಗೆ ಇಷ್ಟು ಬೇಗ ಸಕ್ಕರೆ ಕಾಯಿಲೆ ಯಾಕೆ ಬರುತ್ತದೆ? 2004ರಲ್ಲಿ ಅವರು ಮತ್ತು ಇಂಗ್ಲೆಂಡಿನ ಡಾ. ಜಾನ್ ಯಡ್ಕಿನ್ ಒಂದು ಫೋಟೋ ಪ್ರಕಟಿಸಿದರು. ಇಬ್ಬರೂ ಪಕ್ಕಪಕ್ಕ ನಿಂತಿದ್ದಾರೆ. ಇಬ್ಬರ ಬಿಎಂಐಯೂ 22.3. ಯಡ್ಕಿನ್ ಮೈಯಲ್ಲಿ ಕೊಬ್ಬು ಶೇ. 9.1, ಯಾಜ್ಞಿಕ್ ಮೈಯಲ್ಲಿ ಶೇ. 21.2. ತೂಕದ ಲೆಕ್ಕದಲ್ಲಿ ಅವಳಿಗಳು, ಒಳಗೆ ನೋಡಿದರೆ ದುಪ್ಪಟ್ಟಿಗೂ ಜಾಸ್ತಿ ಕೊಬ್ಬು. ನಿಮ್ಮ ಡಾಕ್ಟರು 23 ಅಂದದ್ದರ ಹಿಂದೆ ಇರುವುದು ಇದೇ ತಿಳಿವಳಿಕೆ.

ಇಲ್ಲಿ ‘ಇದೇ ನೋಡಿ ಭಾರತೀಯ ರೇಸ್’ ಅಂತ ನಿಲ್ಲಿಸಬಹುದಿತ್ತು. ಅವರು ನಿಲ್ಲಿಸಲಿಲ್ಲ. 1993ರಿಂದ ಪುಣೆ ಸುತ್ತಲಿನ ಆರು ಹಳ್ಳಿಗಳಲ್ಲಿ ಹೆಣ್ಣುಮಕ್ಕಳನ್ನು ಗರ್ಭಿಣಿಯಾಗುವ ಮೊದಲೇ ನೋಂದಾಯಿಸಿ, ಹುಟ್ಟಿದ ಮಕ್ಕಳನ್ನು ಅಳೆದು, ಅವರು ಬೆಳೆಯುವುದನ್ನು ನೋಡುತ್ತಾ ಬಂದರು. ಆ ಮಕ್ಕಳ ಹುಟ್ಟುತೂಕ ಸರಾಸರಿ 2.7 ಕೆಜಿ. ಇಂಗ್ಲೆಂಡಿನ ಸೌತಾಂಪ್ಟನ್ನಿನ ಮಕ್ಕಳದು 3.5 ಕೆಜಿ. ಪುಣೆಯ ಮಕ್ಕಳಲ್ಲಿ ಸ್ನಾಯು ಕಡಿಮೆ, ಹೊಟ್ಟೆಯ ಅಂಗಗಳು ಸಣ್ಣ, ಆದರೆ ಚರ್ಮದಡಿಯ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇಲ್ಲ. ಹುಟ್ಟುವಾಗಲೇ ‘ತೆಳ್ಳಗೆ ಕಾಣುವ ದಪ್ಪ’ ಮಗು. ತಾಯಿಗೆ ಬಸಿರಿನಲ್ಲಿ ವಿಟಮಿನ್ ಬಿ12 ಕಡಿಮೆ ಇದ್ದು ಫೋಲೇಟ್ ಜಾಸ್ತಿ ಇದ್ದರೆ, ಆರು ವರ್ಷಕ್ಕೆ ಮಗುವಿನ ದೇಹ ಇನ್ಸುಲಿನ್‌ಗೆ ಸರಿಯಾಗಿ ಓಗೊಡುವುದಿಲ್ಲ ಅನ್ನುವುದೂ ಅಲ್ಲಿ ಕಂಡಿತು. ಅಂದರೆ ನಮ್ಮ ಮೈಯ ಈ ಗುಣದಲ್ಲಿ ಅಜ್ಜಿ ಉಂಡ ಊಟ, ಅಮ್ಮನ ತಟ್ಟೆಯಲ್ಲಿ ಇಲ್ಲದೆ ಹೋದದ್ದು, ಗದ್ದೆಯ ದುಡಿತ ಎಲ್ಲ ಸೇರಿದೆ. ಜೀನ್‌ಗಳ ಪಾತ್ರ ಇಲ್ಲವೇ ಇಲ್ಲ ಅನ್ನುತ್ತಿಲ್ಲ. ಇದೆ. ಆದರೆ ರೇಸ್ ಅಂತ ಹೆಸರು ಕೊಟ್ಟು ಕೈ ತೊಳೆದುಕೊಂಡಿದ್ದರೆ ಬಸುರಿಯರ ಬಿ12 ಕಡೆ ಯಾರೂ ನೋಡುತ್ತಿರಲಿಲ್ಲ.

ವೈದ್ಯರು ರೇಸನ್ನು ನೇರವಾಗಿ ಲೆಕ್ಕದೊಳಗೆ ತುರುಕಿದಾಗ ಏನಾಯಿತು ಅನ್ನುವುದಕ್ಕೆ ಅಮೆರಿಕದ ಕಿಡ್ನಿ ಟೆಸ್ಟ್ ಒಳ್ಳೆಯ ಉದಾಹರಣೆ. ರಕ್ತದ ಕ್ರಿಯಾಟಿನಿನ್ ನೋಡಿ ಕಿಡ್ನಿ ಎಷ್ಟು ಕೆಲಸ ಮಾಡುತ್ತಿದೆ ಅಂತ ಹೇಳುವ ಸೂತ್ರ ಅದು. ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು ಸುಮಾರು ಶೇ. 16 ಏರಿಸುತ್ತಿದ್ದರು. ಹೀಗಾಗಿ ಕೆಟ್ಟ ಕಿಡ್ನಿ ಕಾಗದದ ಮೇಲೆ ಚೆನ್ನಾಗಿ ಕಾಣುತ್ತಿತ್ತು, ಕಸಿಗೆ ಕಾಯುವ ಪಟ್ಟಿಯಲ್ಲಿ ಹೆಸರು ತಡವಾಗಿ ಸೇರುತ್ತಿತ್ತು. 2021ರಲ್ಲಿ ಅದನ್ನು ತೆಗೆದುಹಾಕಿದರು. ಅಪ್ಪ ಬಿಳಿಯ, ಅಮ್ಮ ಕಪ್ಪು ಅಂದರೆ ಎಷ್ಟು ಏರಿಸಬೇಕು ಅಂತ ಆ ಸೂತ್ರದಲ್ಲಿ ಎಲ್ಲೂ ಹೇಳಿರಲಿಲ್ಲ.

ಹಾಗಾದರೆ ಈ ಗುಂಪುಗಳು ಬಂದದ್ದು ಎಲ್ಲಿಂದ? ಜರ್ಮನಿಯ ಬ್ಲೂಮೆನ್‌ಬಾಖ್ 1795ರಲ್ಲಿ ಮನುಷ್ಯರನ್ನು ಐದು ಬಗೆ ಮಾಡಿದ. ಕಾಕೇಷಿಯನ್ ಅನ್ನುವ ಹೆಸರನ್ನು ಎಲ್ಲೆಡೆ ಹರಡಿದ್ದು ಅವನೇ. ಒಂದು ಬಗೆ ಇನ್ನೊಂದರೊಳಗೆ ಕರಗಿಹೋಗುತ್ತದೆ, ಗೆರೆ ಎಳೆಯಲಾಗದು ಅಂತ ಅವನೇ ಬರೆದಿದ್ದ. ಆ ಭಾಗವನ್ನು ಓದಿದವರು ಕಡಿಮೆ. ನಮ್ಮಲ್ಲಿಗೆ ಇದನ್ನು ದೊಡ್ಡದಾಗಿ ತಂದವನು 1901ರ ಜನಗಣತಿಯ ಮುಖ್ಯಸ್ಥ ಹರ್ಬರ್ಟ್ ರಿಸ್ಲಿ. ಮೂಗಿನ ಅಗಲವನ್ನು ಉದ್ದದಿಂದ ಭಾಗಿಸಿ ನೂರರಿಂದ ಗುಣಿಸುವುದು, ಆ ಸಂಖ್ಯೆ ಕಡಿಮೆ ಆದಷ್ಟೂ ಜಾತಿ ಮೇಲು ಅನ್ನುವುದು ಅವನ ಸಿದ್ಧಾಂತ. ಭಾರತೀಯರನ್ನು ಏಳು ಬಗೆ ಮಾಡಿದ. ಮರಾಠಿ ಬ್ರಾಹ್ಮಣರು, ಕುಣಬಿಗಳು, ನಮ್ಮ ಕೊಡವರು ಮೂವರನ್ನೂ ‘ಸಿಥೋ-ದ್ರಾವಿಡ’ ಅನ್ನುವ ಒಂದೇ ಬಗೆಗೆ ಸೇರಿಸಿದ. ಮಡಿಕೇರಿಯಲ್ಲಿ ಈ ಮಾತು ಹೇಳಿ ನೋಡಿ, ಏನನ್ನುತ್ತಾರೆ ಅಂತ!

ಮುಂಬಯಿ ವಿಶ್ವವಿದ್ಯಾಲಯದ ಜಿ.ಎಸ್. ಘುರ್ಯೆ 1932ರಲ್ಲಿ ರಿಸ್ಲಿಯ ಅಂಕಿಗಳನ್ನೇ ಮತ್ತೆ ಜಾಲಾಡಿದರು. ಮೂಗಿಗೂ ಜಾತಿಗೂ ಸ್ವಲ್ಪ ತಾಳೆ ಕಂಡದ್ದು ಉತ್ತರದ ಹಿಂದೂಸ್ತಾನದಲ್ಲಿ (ಹೆಚ್ಚುಕಮ್ಮಿ ಇಂದಿನ ಉತ್ತರ ಪ್ರದೇಶ) ಮಾತ್ರ. ಬೇರೆ ಕಡೆ ಲೆಕ್ಕ ಕೂಡಲಿಲ್ಲ. ಘುರ್ಯೆ ಅವರ ಶಿಷ್ಯೆ ಇರಾವತಿ ಕರ್ವೆ. 1928ರಲ್ಲಿ ಆಕೆ ಪಿಎಚ್‌ಡಿಗಾಗಿ ಬರ್ಲಿನ್‌ಗೆ ಹೋದರು. ಮಾರ್ಗದರ್ಶಕ ಯೂಜೆನ್ ಫಿಶರ್, ಮುಂದೆ ನಾಜಿಗಳಿಗೆ ವಿಜ್ಞಾನದ ಮುಖವಾಡ ಒದಗಿಸಿದವರಲ್ಲಿ ಪ್ರಮುಖ. ಬಿಳಿಯರ ತಲೆಬುರುಡೆಯ ಎಡ ಬಲಗಳ ನಡುವೆ ಜಾಸ್ತಿ ವ್ಯತ್ಯಾಸ ಇರುತ್ತದೆ, ಅದೇ ಅವರ ಬುದ್ಧಿಯ ಗುರುತು ಅನ್ನುವುದು ಅವನ ನಂಬಿಕೆ. ಕರ್ವೆ ಬುರುಡೆಗಳನ್ನು ಒಂದೊಂದಾಗಿ ಅಳೆದರು. ಅಂಥ ಯಾವ ಸಂಬಂಧವೂ ಇಲ್ಲ ಅಂತ ಬರೆದುಕೊಟ್ಟರು. ಮಾರ್ಗದರ್ಶಕನ ಸಿದ್ಧಾಂತವನ್ನೇ ತಳ್ಳಿಹಾಕುವ ಪ್ರಬಂಧ, ಅದೂ ಆ ಕಾಲದ ಜರ್ಮನಿಯಲ್ಲಿ, ಇಪ್ಪತ್ತರ ಹರೆಯದ ಭಾರತೀಯ ಹೆಣ್ಣುಮಗಳಿಂದ. ಇಂದು ಪಿಎಚ್‌ಡಿ ಮಾಡುವ ಎಷ್ಟು ಮಂದಿಗೆ ಈ ಎದೆಗಾರಿಕೆ ಇದೆಯೋ.

1939ರಿಂದ ಆಕೆ ಯೆರವಡಾದ ಡೆಕ್ಕನ್ ಕಾಲೇಜಿನಲ್ಲಿದ್ದರು. ಸ್ಕೂಟರಿನಲ್ಲಿ ಹೋದರೆ ನಿಮ್ಮ ಮನೆಯಿಂದ ದೂರವೇನಿಲ್ಲ. ಅಳತೆಪಟ್ಟಿಯನ್ನು ಆಕೆ ಬಿಡಲಿಲ್ಲ ಅನ್ನುವುದನ್ನೂ ಹೇಳಬೇಕು. ವಿ.ಎಂ. ದಾಂಡೇಕರ್ ಜೊತೆ ಮಹಾರಾಷ್ಟ್ರದ ಜನರ ತಲೆ, ಮೂಗು ಅಳೆದು 1951ರಲ್ಲಿ ಪ್ರಕಟಿಸಿದರು. ಈಗ ನೋಡಿದರೆ ಆ ವಿಧಾನ ಹಳೆಯದು ಅನ್ನಿಸುತ್ತದೆ. ಆದರೆ ಅದರಿಂದ ಆಕೆ ತೆಗೆದ ಮಾತು ಹಳತಾಗಿಲ್ಲ. ‘ಬ್ರಾಹ್ಮಣ’, ‘ಕುಂಬಾರ’ ಅಂತ ನಾವು ಹೇಳುವುದು ಒಂದೇ ಮೂಲದ ಜನರನ್ನಲ್ಲ. ಕೆಲಸ, ದರ್ಜೆ ಒಂದೇ ಇರುವ, ಬೇರೆ ಬೇರೆ ಮೂಲಗಳ ಗುಂಪುಗಳನ್ನು ಒಂದು ಹೆಸರಿನಡಿ ಸೇರಿಸಿದ್ದೇವೆ ಅಷ್ಟೇ.

ಆರ್ಯ, ದ್ರಾವಿಡ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಇವು ಭಾಷೆಗಳ ಕುಟುಂಬಗಳು. ಮ್ಯಾಕ್ಸ್ ಮುಲ್ಲರ್ 1888ರಲ್ಲೇ ಆರ್ಯ ರಕ್ತ, ಆರ್ಯ ಕಣ್ಣು ಕೂದಲು ಅನ್ನುವವರನ್ನು ಗೇಲಿ ಮಾಡಿದ್ದ. ಉದ್ದತಲೆಯ ನಿಘಂಟು ಅಂದಷ್ಟೇ ಅಸಂಬದ್ಧ ಅದು ಅಂದಿದ್ದ. ಡಿಎನ್‌ಎ ಹೇಳುವುದು ಇಷ್ಟು: ಇಲ್ಲಿನ ಹಳೆಯ ಬೇಟೆಗಾರರು, ಇರಾನ್ ಕಡೆಯವರಿಗೆ ಸಂಬಂಧಿಸಿದ ಒಂದು ಧಾರೆ, ಸುಮಾರು ನಾಲ್ಕು ಸಾವಿರ ವರ್ಷದಿಂದ ಈಚೆಗೆ ಮಧ್ಯ ಏಷ್ಯಾದ ಹುಲ್ಲುಗಾವಲಿನಿಂದ ಬಂದ ಇನ್ನೊಂದು ಧಾರೆ. ಡೆಕ್ಕನ್ ಕಾಲೇಜಿನ ವಸಂತ ಶಿಂಧೆ ಅವರ ತಂಡ ಹರಿಯಾಣದಲ್ಲಿ ಅಗೆದ, ಸಿಂಧೂ ನಾಗರಿಕತೆಯ ಊರಾದ ರಾಖಿಗಢಿಯ ಹೆಣ್ಣುಮಗಳ ಡಿಎನ್‌ಎ 2019ರಲ್ಲಿ ಹೊರಬಂತು. ಅವಳಲ್ಲಿ ಮೊದಲೆರಡು ಇದ್ದವು, ಹುಲ್ಲುಗಾವಲಿನ ಪಾಲು ಇರಲಿಲ್ಲ. ಇಂದಿನ ಮುಖ್ಯಭೂಮಿಯ ಬಹುತೇಕ ಸಮುದಾಯಗಳು ಇವುಗಳ ಮಿಶ್ರಣ. ಕೆಲವರಲ್ಲಿ ಒಂದು ಪಾಲು ಜಾಸ್ತಿ, ಕೆಲವರಲ್ಲಿ ಕಡಿಮೆ. ಶುದ್ಧ ಅನ್ನುವವರು ಯಾರೂ ಸಿಕ್ಕಿಲ್ಲ. 2013ರ ಅಂದಾಜಿನಂತೆ ಸುಮಾರು 4,200ರಿಂದ 1,900 ವರ್ಷಗಳ ಹಿಂದಿನವರೆಗೆ ಇಲ್ಲಿ ಎಲ್ಲರೂ ಎಲ್ಲರೊಡನೆ ಬೆರೆಯುತ್ತಿದ್ದರು. ಆಮೇಲೆ ಬಾಗಿಲು ಮುಚ್ಚಿಕೊಂಡರು.

ಆ ಮುಚ್ಚಿದ ಬಾಗಿಲಿನ ಪರಿಣಾಮ ಇಂದಿಗೂ ಆಸ್ಪತ್ರೆಯಲ್ಲಿ ಕಾಣುತ್ತದೆ. ನಿಮ್ಮ ಕುಟುಂಬಕ್ಕೆ ನಿಜವಾಗಿ ಉಪಯೋಗಕ್ಕೆ ಬರುವುದೂ ಇದೇ. ಸಣ್ಣ ಬಳಗದೊಳಗೇ ತಲೆಮಾರುಗಟ್ಟಲೆ ಮದುವೆ ನಡೆದರೆ, ಯಾರೋ ಒಬ್ಬ ಪೂರ್ವಜರ ಅಪರೂಪದ ಮ್ಯುಟೇಶನ್ ಆ ಬಳಗದಲ್ಲಿ ಸಾಮಾನ್ಯವಾಗುತ್ತದೆ. 2017ರ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದ 263 ಸಮುದಾಯಗಳ ಪೈಕಿ 81ರಲ್ಲಿ ಈ ಪರಿಣಾಮ ಫಿನ್‌ಲ್ಯಾಂಡಿನವರಿಗಿಂತ, ಯುರೋಪಿನ ಯಹೂದಿಗಳಿಗಿಂತ ಜೋರಾಗಿತ್ತು. ಆರ್ಯವೈಶ್ಯರದು ಎಲ್ಲರಿಗೂ ಗೊತ್ತಿರುವ ಉದಾಹರಣೆ. ಆಪರೇಷನ್ ಸಮಯದಲ್ಲಿ ಸ್ನಾಯು ಸಡಿಲಿಸಲು ಕೊಡುವ ಸ್ಕೋಲಿನ್ ಅನ್ನುವ ಔಷಧ ಸಾಮಾನ್ಯರಲ್ಲಿ ಕೆಲವೇ ನಿಮಿಷಕ್ಕೆ ಇಳಿಯುತ್ತದೆ. ಅದನ್ನು ಕರಗಿಸುವ ಕಿಣ್ವ ಈ ಸಮುದಾಯದ ಕೆಲವರಲ್ಲಿ ಇರುವುದಿಲ್ಲ, ಉಸಿರಾಟದ ಸ್ನಾಯುಗಳು ಗಂಟೆಗಟ್ಟಲೆ ಸುಮ್ಮನಾಗಿಬಿಡುತ್ತವೆ. ಇದು ರೇಸಿನ ಲಕ್ಷಣ ಅಲ್ಲ, ಒಂದು ಬಳಗದ ವಂಶಾವಳಿಯ ಲಕ್ಷಣ. ಇಡೀ ಉಪಖಂಡಕ್ಕೆ ‘ನಮ್ಮದು’ ಅನ್ನಬಹುದಾದ ಒಂದು ಮ್ಯುಟೇಶನ್ ಕೂಡ ಇದೆ. ಹೃದಯದ ಸ್ನಾಯುವನ್ನು ದುರ್ಬಲ ಮಾಡುವ, ಎಂವೈಬಿಪಿಸಿ3 ಜೀನಿನ 25 ಅಕ್ಷರಗಳ ನಷ್ಟ, 2009ರಲ್ಲಿ ವರದಿಯಾದದ್ದು. ಅದೂ ನೂರರಲ್ಲಿ ಸುಮಾರು ನಾಲ್ವರಲ್ಲಿ ಮಾತ್ರ. ಉಳಿದ 96 ಭಾರತೀಯರು ಭಾರತೀಯರಲ್ಲವೇ?

ಹಾಗಾಗಿ ಡಾಕ್ಟರ ಹತ್ತಿರ ಹೋದಾಗ ‘ನಾವು ಭಾರತೀಯರು’ ಅನ್ನುವುದಕ್ಕಿಂತ ‘ನಮ್ಮ ತಾಯಿಯ ಅಣ್ಣನಿಗೆ ಅನಸ್ತೇಸಿಯಾ ಕೊಟ್ಟಾಗ ಎಚ್ಚರವಾಗಲು ಬಹಳ ಹೊತ್ತಾಯಿತು’, ‘ಚಿಕ್ಕಪ್ಪ ನಲವತ್ತಕ್ಕೇ ಹೃದಯದ ತೊಂದರೆಯಿಂದ ಹೋದರು’ ಅನ್ನುವ ಮಾತು ಹೆಚ್ಚು ಕೆಲಸಕ್ಕೆ ಬರುತ್ತದೆ. ನಿಮ್ಮ ಕಡೆ ಸೋದರಮಾವನಿಗೆ, ಸೋದರತ್ತೆಯ ಮಗನಿಗೆ ಕೊಡುವ ರೂಢಿ ಇದ್ದರೆ ಅದನ್ನೂ ಹೇಳಿ, ಮುಚ್ಚಿಡಬೇಡಿ. ಮಗಳಿಗೆ ಮುಂದೆ ಮದುವೆಯ ಮಾತು ಬಂದಾಗ, ಹುಡುಗ ಯಾವ ಸೀಮೆಯವನೇ ಇರಲಿ, ಇಬ್ಬರಿಗೂ ಒಂದು ಎಚ್‌ಬಿ ಎ2 ರಕ್ತಪರೀಕ್ಷೆ ಮಾಡಿಸಿ. ಬೀಟಾ ಥಲಸೀಮಿಯಾ ಮೈನರ್ ಇದ್ದರೆ, ಅಂದರೆ ಥಲಸೀಮಿಯಾ ಅನ್ನುವ ರಕ್ತದ ಕಾಯಿಲೆಯ ಜೀನನ್ನು ಒಬ್ಬರು ತಮಗೆ ತೊಂದರೆಯಿಲ್ಲದೆ ಹೊತ್ತಿದ್ದರೆ, ಅದರಲ್ಲಿ ಸಾಮಾನ್ಯವಾಗಿ ಗೊತ್ತಾಗುತ್ತದೆ. ಪುಣೆಯ ಯಾವ ದೊಡ್ಡ ಲ್ಯಾಬಿನಲ್ಲಾದರೂ ಆಗುತ್ತದೆ, ಒಂದೇ ಸಲ ಮಾಡಿಸಿದರೆ ಸಾಕು.